ಉಬ್ಬಸ ಇಲ್ಲದ ದಿನದ ಪಫ್ಫು

ಉಬ್ಬಸದ ಜೊತೆ 30 ವರ್ಷ ಸಂಸಾರ ಮಾಡಿದವಳು ನಾನು. ಮೊದಲ ಕೆಲವು ವರ್ಷ ಬರೀ ಪೆದ್ದುತನ. ದಮ್ಮು ಕಟ್ಟಿದಾಗ ನೀಲಿ ಇನ್‌ಹೇಲರ್ ಎಳೆದುಕೊಳ್ಳುವುದು, ಸಲೀಸಾದ ಮೇಲೆ ಮರೆತುಬಿಡುವುದು. ದಿನಾ ಎರಡು ಹೊತ್ತು ತಗೊಳ್ಳಿ ಅಂತ ಡಾಕ್ಟರು ಕೊಟ್ಟ ಇನ್ನೊಂದು ಪಫ್ಫನ್ನು, ‘ಈಗ ಚೆನ್ನಾಗಿದ್ದೀನಲ್ಲ’ ಅಂತ ಡ್ರಾಯರಿಗೆ ಸೇರಿಸಿದ್ದೆ. ಚೆನ್ನಾಗಿದ್ದದ್ದೇ ಅದರಿಂದ ಅಂತ ಗೊತ್ತಾದದ್ದು ಒಂದು ರಾತ್ರಿ ಎರಡು ಗಂಟೆಗೆ, ಕಿಟಕಿ ಸರಳು ಹಿಡಿದು ಉಸಿರಿಗೆ ಒದ್ದಾಡುವಾಗ.

ಈ ಕಾಯಿಲೆಯ ಬೇರು ಶ್ವಾಸನಾಳದ ಒಳಗಿನ ಊತ. ಆರಾಮಾಗಿರುವ ದಿನವೂ ಅದು ಇರಬಹುದು. ನೀಲಿ ಪಫ್ಫು ಬಿಗಿದ ನಾಳವನ್ನು ಸಡಿಲಿಸುತ್ತದೆಯೇ ಹೊರತು ಊತ ಇಳಿಸುವುದಿಲ್ಲ. ಊತ ಇಳಿಸುವುದು ದಿನಾ ತಗೊಳ್ಳುವ ಸ್ಟೀರಾಯ್ಡ್ ಪಫ್ಫು. ನೀಲಿಯದು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ, ಕೆಮ್ಮಿನಿಂದ ರಾತ್ರಿ ಎಚ್ಚರವಾಗುತ್ತಿದ್ದರೆ, ಡಾಕ್ಟರ ಹತ್ತಿರ ಹೋಗಿ. ಈಗ ಕೆಲವರಿಗೆ ಎರಡೂ ಕೆಲಸಕ್ಕೆ ಒಂದೇ ಇನ್‌ಹೇಲರ್ ಕೊಡುತ್ತಾರೆ, ನಿಮ್ಮದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಎಳೆದುಕೊಳ್ಳುವುದರಲ್ಲೂ ಹದ ಉಂಟು. ಗ್ಯಾಸಿನ ಇನ್‌ಹೇಲರಾದರೆ ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿ ಹಿಡಿದು, ಒತ್ತುತ್ತಲೇ ನಿಧಾನಕ್ಕೆ ಎಳೆಯಿರಿ. ಹತ್ತು ಎಣಿಸುವ ತನಕ ಉಸಿರು ಕಟ್ಟಿ. ಪುಡಿಯದ್ದಕ್ಕೆ ಉಲ್ಟಾ: ಜೋರಾಗಿ ಒಂದೇ ಸಲಕ್ಕೆ ಎಳೆಯಬೇಕು. ಗ್ಯಾಸಿನದ್ದಕ್ಕೆ ಸ್ಪೇಸರ್ (ಇನ್‌ಹೇಲರಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಔಷಧಿ ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಸ್ಪೇಸರ್ ತೊಳೆದ ಮೇಲೆ ಬಟ್ಟೆಯಲ್ಲಿ ಉಜ್ಜಬೇಡಿ. ಉಜ್ಜಿದರೆ ಔಷಧಿ ಅದರ ಒಳಗೋಡೆಗೇ ಅಂಟಿಕೊಳ್ಳುತ್ತದೆ. ಸುಮ್ಮನೆ ಆರಲು ಬಿಡಿ. ಸ್ಟೀರಾಯ್ಡ್ ಪಫ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ನಾನು ಸೋಮಾರಿತನ ಮಾಡಿ ನಾಲಿಗೆ ತುಂಬ ಬಿಳಿ ಅಗ್ರ ತರಿಸಿಕೊಂಡಿದ್ದೆ.

ಮನೆಯ ವಿಷಯ. ದೂಳಿನ ಹುಳಗಳ ತವರು ಹಾಸಿಗೆ, ದಿಂಬು. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ, ತಣ್ಣೀರಿಗೆ ಅವು ಸಾಯುವುದಿಲ್ಲ. ಪೊರಕೆಗಿಂತ ಒದ್ದೆ ಬಟ್ಟೆ ವಾಸಿ. ಗೋಡೆಯ ಬೂಷ್ಟು, ಬೀಡಿ ಸಿಗರೇಟು, ಸೊಳ್ಳೆಬತ್ತಿಯ ಹೊಗೆ ಇವ್ಯಾವುವೂ ಆಗಿಬರುವುದಿಲ್ಲ. ಪಕ್ಕದ ಕೋಣೆಯಲ್ಲಿ ಸೇದಿದರೂ ಸೇದಿದಂತೆಯೇ. ಇದರಲ್ಲಿ ನಾನು ದಾಕ್ಷಿಣ್ಯ ಬಿಟ್ಟಿದ್ದೇನೆ.

ಯಾವ ಡಾಕ್ಟರಿಗೇ ತೋರಿಸಿದರೂ ಉಬ್ಬಸ ಇದೆ ಅಂತ ಮೊದಲೇ ಹೇಳಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೆಲವರಿಗೆ ಉಬ್ಬಸ ಎಬ್ಬಿಸುತ್ತದೆ. ಗ್ಲಾಕೋಮಾಕ್ಕೆ ಹಾಕುವ ಕೆಲವು ಕಣ್ಣಿನ ಹನಿಯೂ ಅಷ್ಟೇ. ಕಣ್ಣಿಗೂ ಎದೆಗೂ ಏನು ಸಂಬಂಧ ಅಂತ ನಾನೂ ನಕ್ಕಿದ್ದೆ!

ದಮ್ಮು ಹೆಚ್ಚಾದಾಗ ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಡಾಕ್ಟರು ಬರೆದುಕೊಟ್ಟ ಲೆಕ್ಕದಲ್ಲಿ ಪಫ್ ಕೊಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ ಕಾಯಬೇಡಿ, ಆಂಬುಲೆನ್ಸ್ ಕರೆಸಿ. ಸುಸ್ತಾದವರ ಎದೆಯ ಸುಂಯ್‌ಗುಟ್ಟುವ ಸದ್ದು ಇದ್ದಕ್ಕಿದ್ದಂತೆ ನಿಂತರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಗಾಳಿ ಓಡಾಡುವುದೇ ನಿಲ್ಲುತ್ತಾ ಬಂದಿದೆ ಅಂತ ಅರ್ಥ.