ತಲೆಪೆಟ್ಟಿನ ನಂತರದ ತೊಂದರೆಗೆ ಆಕ್ಸಿಜನ್ ಚೇಂಬರ್: ಒಳಗೆ ಕೂರುವ ಮುನ್ನ

ತಲೆಗೆ ಪೆಟ್ಟು ಬಿದ್ದು ತಿಂಗಳುಗಳು ಕಳೆದರೂ ತಲೆನೋವು, ಮರೆವು, ನಿದ್ದೆಗೇಡು ಬಿಡದಿದ್ದರೆ ಯಾರಾದರೊಬ್ಬರು ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿಯ (ಮುಚ್ಚಿದ ಚೇಂಬರ್‌ನಲ್ಲಿ ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಉಸಿರಾಡಿಸುವ ಚಿಕಿತ್ಸೆ) ಹೆಸರು ಹೇಳಿಯೇ ಹೇಳುತ್ತಾರೆ. ದುಡ್ಡು ಕಟ್ಟುವ ಮೊದಲು ಒಂದು ಮಾತು: ಅಮೆರಿಕದ ಸೇನೆ ನಡೆಸಿದ ಪರೀಕ್ಷೆಗಳಲ್ಲಿ ನಿಜವಾದ ಚಿಕಿತ್ಸೆ ಪಡೆದವರೂ, ಹೋಲಿಕೆಗಾಗಿ ಹೆಸರಿಗಷ್ಟೇ ಒತ್ತಡ ಪಡೆದವರೂ ಬಹುಮಟ್ಟಿಗೆ ಒಂದೇ ತೆರನಾಗಿ ಚೇತರಿಸಿಕೊಂಡರು. ಒಂದರಲ್ಲಿ 13ನೇ ವಾರಕ್ಕೆ ಕಂಡ ಅನುಕೂಲ ವರ್ಷದ ಹೊತ್ತಿಗೆ ಉಳಿಯಲಿಲ್ಲ. ಈ ಬಳಕೆಗೆ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೂ ಇಲ್ಲ. ಆದ್ದರಿಂದ ನಡೆಯುತ್ತಿರುವ ಔಷಧಿ, ಫಿಸಿಯೊಥೆರಪಿ ಬಿಟ್ಟು ಇದಕ್ಕೆ ಹೋಗಲೇಬೇಡಿ.

ಆದರೂ ಮಾಡಿಸುವುದಾದರೆ, ಪರೀಕ್ಷೆಗಳಲ್ಲಿ ಹೆಚ್ಚಾಗಿ ಬಳಸಿದ್ದು 1.5 ಎಟಿಎ (ಸಾಮಾನ್ಯ ಗಾಳಿಯ ಒತ್ತಡವನ್ನು 1 ಎಂದು ಹಿಡಿದ ಅಳತೆ) ಒತ್ತಡ, 60 ನಿಮಿಷ, 40 ಸೆಷನ್. ಗಾಳಿ ತುಂಬಿ ಉಬ್ಬಿಸುವ 1.3 ಎಟಿಎ ಚೇಂಬರ್ ಅದಕ್ಕೆ ಸಮನಲ್ಲ.

ಮೊದಲು ಎದೆಯ ಎಕ್ಸ್‌ರೇ ತೋರಿಸಿ. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿದ್ದು, ಅದನ್ನು ತೆಗೆದಿಲ್ಲವಾದರೆ ಒಳಗೆ ಹೋಗುವಂತೆಯೇ ಇಲ್ಲ. ಒತ್ತಡದ ಆಕ್ಸಿಜನ್‌ನಿಂದ ಅಪರೂಪಕ್ಕೆ ಫಿಟ್ಸ್ ಬರುತ್ತದೆ. ಪೆಟ್ಟಿನ ನಂತರ ಒಮ್ಮೆಯಾದರೂ ಬಂದಿದ್ದರೆ ವೈದ್ಯರಿಗೆ ತಿಳಿಸಿ, ಮಾತ್ರೆ ತಪ್ಪಿಸಬೇಡಿ. ಶುಗರ್ ಇದ್ದವರು ಪ್ರತಿ ಸಲ ರಕ್ತ ಪರೀಕ್ಷಿಸಿಕೊಂಡೇ ಹೋಗಬೇಕು, ಒಳಗೆ ಶುಗರ್ ಇಳಿಯಬಹುದು. ಶಂಟ್ (ಮೆದುಳಿನ ಹೆಚ್ಚುವರಿ ನೀರನ್ನು ಹೊರಹರಿಸಲು ಹಾಕಿದ ಕೊಳವೆ), ಪೇಸ್‌ಮೇಕರ್ ಇದ್ದರೆ ಎಷ್ಟು ಒತ್ತಡ ತಡೆಯುತ್ತವೆಂದು ಖಚಿತಪಡಿಸಿಕೊಳ್ಳಿ.

ಬೆಂಕಿಯ ವಿಷಯದಲ್ಲಿ ಯಾರ ಮುಲಾಜಿಗೂ ಬೀಳಬೇಡಿ. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಚೇಂಬರ್‌ಗೆ ಬೆಂಕಿ ಹತ್ತಿ ಐದು ವರ್ಷದ ಮಗು ತೀರಿಕೊಂಡಿತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹೋಗುವುದು ನಮ್ಮಲ್ಲಿ ರೂಢಿ. ಆ ದಿನ ಬೇಡ. ಮುಲಾಮು, ಲಿಪ್‌ಸ್ಟಿಕ್, ಹೇರ್‌ಸ್ಪ್ರೇ, ಪಾಲಿಯೆಸ್ಟರ್ ಬಟ್ಟೆ, ಮೊಬೈಲ್, ಸ್ಮಾರ್ಟ್‌ವಾಚ್, ಲೈಟರ್ ಎಲ್ಲ ಹೊರಗೇ ಇರಲಿ. ಆಸ್ಪತ್ರೆ ಕೊಡುವ ಹತ್ತಿ ಬಟ್ಟೆ ಮಾತ್ರ. ಒಬ್ಬರೇ ಮಲಗುವ ಆಕ್ಸಿಜನ್ ಚೇಂಬರ್ ಆದರೆ ಕಿಡಿ ಹಾರದಂತೆ ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಪಟ್ಟಿ ಮಣಿಕಟ್ಟಿಗೆ ಕಟ್ಟಿದ್ದಾರೆಯೇ, ಪರೀಕ್ಷಿಸಿದ್ದಾರೆಯೇ ಎಂದು ನೀವೇ ಕೇಳಿ.

ಹೆಚ್ಚು ಜನ ಒದ್ದಾಡುವುದು ಕಿವಿಯಿಂದ. ಒತ್ತಡ ಏರತೊಡಗಿದ ಕ್ಷಣದಿಂದಲೇ ಉಗುಳು ನುಂಗಿ, ಆಕಳಿಸಿ, ಇಲ್ಲವೇ ಮೂಗು ಹಿಡಿದು ಬಾಯಿ ಮುಚ್ಚಿ ಮೆತ್ತಗೆ ಊದಿ. ಕಿವಿ ಕಟ್ಟಿದ ಮೇಲೆ ಜೋರಾಗಿ ಊದಿದರೆ ತಮಟೆಗೆ ಪೆಟ್ಟು. ನೋವು ಶುರುವಾದ ಕೂಡಲೇ ಕೈ ಎತ್ತಿ. ಆಪರೇಟರ್ ಒತ್ತಡ ನಿಲ್ಲಿಸಿ, ಸ್ವಲ್ಪ ಇಳಿಸಿ ಮತ್ತೆ ನಿಧಾನವಾಗಿ ಏರಿಸುತ್ತಾರೆ. ನೆಗಡಿ ಇದ್ದರೆ ಆ ದಿನದ ಸೆಷನ್ ಮುಂದೂಡಿ. ಒತ್ತಡ ಇಳಿಯುವಾಗ ಮಾತ್ರ ಊದಬೇಡಿ, ಉಸಿರೂ ಕಟ್ಟಬೇಡಿ.

ಶುರುವಿಗೆ ಮುನ್ನ ಎರಡು ವಾರ ತಲೆನೋವಿನ ದಿನಗಳು, ನಿದ್ದೆಯ ಗಂಟೆಗಳನ್ನು ಬರೆದಿಡಿ, ನೆನಪಿನ ಪರೀಕ್ಷೆ ಮಾಡಿಸಿ. 20 ಸೆಷನ್ ಆದಾಗ ಹೋಲಿಸಿ, ಬದಲಾವಣೆ ಇಲ್ಲದಿದ್ದರೆ ಮುಂದುವರಿಸಬೇಕೇ ಎಂದು ವೈದ್ಯರೊಂದಿಗೆ ಮಾತಾಡಿ. ಪೂರ್ತಿ ಪ್ಯಾಕೇಜ್ ಹಣ ಮುಂಗಡ ಕಟ್ಟಬೇಡಿ. ನಡುವೆ ದೂರದ ದೃಷ್ಟಿ ಮಂಜಾದರೆ ಹೊಸ ಕನ್ನಡಕ ಮಾಡಿಸಬೇಡಿ; ಚಿಕಿತ್ಸೆ ಮುಗಿದು ಕೆಲವು ವಾರ, ತಿಂಗಳುಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ.