ರೇಸ್ ಕಾರು ಎಳೆಯಲು ಪಿಕಪ್ಪು, ಟ್ರೇಲರ್: ಬಾಗಿಲ ಸ್ಟಿಕ್ಕರಿನ ಲೆಕ್ಕ

ಪಿಕಪ್ಪಿನ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ‘11,000 ಪೌಂಡ್ ಎಳೆಯುತ್ತದೆ’ ಅಂತ ಬರುತ್ತದಲ್ಲ, ಆ ಅಂಕಿಯನ್ನು ಸದ್ಯಕ್ಕೆ ಬದಿಗಿಡಿ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಟಯರ್ ಗಾಳಿಯ ಒತ್ತಡ ಬರೆದಿರುವ ಸಣ್ಣ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಒಂದು ಸಾಲಿದೆ. ರೇಸ್ ಕಾರು ಎಳೆಯುವವನಿಗೆ ಬೇಕಾದ ಅಂಕಿ ಅದು. ಒಂದೇ ಮಾಡೆಲಿನ ಎರಡು ಗಾಡಿಗಳಲ್ಲೂ ಅದು ನೂರಾರು ಪೌಂಡ್ ವ್ಯತ್ಯಾಸ ಇರಬಹುದು. ಸನ್‌ರೂಫ್, ದೊಡ್ಡ ಚಕ್ರ, ನಾಲ್ಕೂ ಚಕ್ರಕ್ಕೆ ಡ್ರೈವ್, ಚರ್ಮದ ಸೀಟು, ಹೀಗೆ ಕಂಪನಿ ಹಾಕಿಕೊಟ್ಟ ಪ್ರತಿಯೊಂದು ಸೌಕರ್ಯವೂ ಇದರಿಂದಲೇ ಕಳೆಯುತ್ತದೆ. ಹಾಗಾಗಿ ಷೋರೂಮಿನಲ್ಲಿ ನಾನು ಮೊದಲು ತೆಗೆಯುವುದು ಬಾನೆಟ್ ಅಲ್ಲ, ಬಾಗಿಲು.

ನಾನು ಎಳೆಯುವುದು ಮೊದಲ ತಲೆಮಾರಿನ ಮಜ್ದಾ ಮಿಯಾಟಾ. ಒಳಗೆ ರೋಲ್ ಕೇಜ್ (ಕಾರು ಪಲ್ಟಿಯಾದರೆ ಡ್ರೈವರನ್ನು ಕಾಯುವ ಕಬ್ಬಿಣದ ಚೌಕಟ್ಟು) ಇದೆ, ಡ್ರೈವರ್ ಇಲ್ಲದೆ ತೂಕ 2,300 ಪೌಂಡ್, ಅಂದರೆ ಸುಮಾರು 1,040 ಕಿಲೋ. ದಾರಿ ಅಮೆರಿಕದ ಕ್ಯಾಲಿಫೋರ್ನಿಯಾದ್ದು, ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ರೇಸ್ ಟ್ರ್ಯಾಕುಗಳಿಗೆ: ವಿಲೋಸ್ ಹತ್ತಿರದ ಥಂಡರ್‌ಹಿಲ್, ಮಾಂಟೆರೆ ಕಡೆಯ ಲಗುನಾ ಸೆಕಾ, ದಕ್ಷಿಣಕ್ಕೆ ಬಟನ್‌ವಿಲೋ. ಬೆಂಗಳೂರಿನಿಂದ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗುವವರು ಕಾರನ್ನು ಫ್ಲ್ಯಾಟ್‌ಬೆಡ್ ಲಾರಿಗೆ ಹತ್ತಿಸಿ ಕಳಿಸಿ, ತಾವು ಬೇರೆ ಗಾಡಿಯಲ್ಲಿ ಹೋಗಬಹುದು. ಇಲ್ಲಿ ನಾವೇ ಕಟ್ಟಬೇಕು, ನಾವೇ ಎಳೆಯಬೇಕು.

ಲೆಕ್ಕ ಹೀಗೆ. ಕಾರು 2,300. ಮರದ ಹಲಗೆ ಹಾಸಿದ 18 ಅಡಿಯ ಕಬ್ಬಿಣದ ಟ್ರೇಲರ್ 1,950. ಅದರ ಮುಂದಿನ ಸ್ಟ್ಯಾಂಡಿನಲ್ಲಿ ನಾಲ್ಕು ಹೆಚ್ಚುವರಿ ಚಕ್ರ, ಟಯರ್ ಸಮೇತ 140. ಟೂಲ್ ಪೆಟ್ಟಿಗೆ, ಜ್ಯಾಕು, ವಿಂಚು (ಕಾರನ್ನು ತಂತಿಯಿಂದ ಟ್ರೇಲರಿನ ಮೇಲಕ್ಕೆ ಎಳೆಯುವ ಯಂತ್ರ), ಅದರ ಬ್ಯಾಟರಿ ಸೇರಿ 310. ಒಟ್ಟು 4,700 ಪೌಂಡ್. ಇದರಲ್ಲಿ ಶೇಕಡಾ 10ರಿಂದ 15 ಭಾಗ ಪಿಕಪ್ಪಿನ ಕೊಂಡಿಯ ಮೇಲೆ ಕೂರಬೇಕು. ನಾನು ಹಿಡಿಯುವುದು 12, ಅಂದರೆ 565 ಪೌಂಡ್. ಈಗ ಪಿಕಪ್ಪಿನ ಕಡೆಗೆ ಬನ್ನಿ: ಕೊಂಡಿಯ ಮೇಲಿನ 565, ಇಬ್ಬರು ಆಳು 340, ಭಾರ ಹಂಚುವ ಹಿಚ್ಚು (ಕೊಂಡಿಯ ಭಾರದ ಒಂದು ಪಾಲನ್ನು ಪಿಕಪ್ಪಿನ ಮುಂದಿನ ಚಕ್ರಗಳಿಗೂ ದಾಟಿಸುವ ಜೋಡಣೆ) 90, ಹಿಂದಿನ ತೊಟ್ಟಿಯಲ್ಲಿ ಪೆಟ್ರೋಲ್ ಕ್ಯಾನು, ಜನರೇಟರ್, ನೆರಳಿನ ಡೇರೆ, ಐಸ್ ಪೆಟ್ಟಿಗೆ, ಇನ್ನೊಂದು ಸೆಟ್ ಚಕ್ರ ಸೇರಿ 400. ಕೂಡಿದರೆ 1,395. ನನ್ನ ಹಾಫ್-ಟನ್ (ದೊಡ್ಡ ಪಿಕಪ್ಪುಗಳಲ್ಲಿ ಹಗುರ ದರ್ಜೆಯ) ಪಿಕಪ್ಪಿನ ಸ್ಟಿಕ್ಕರ್ 1,620, ಹಾಗಾಗಿ 225 ಉಳಿಯಿತು. ಅದೇ ಮಾಡೆಲಿನ ಶೋಕಿ ಆವೃತ್ತಿಯಲ್ಲಿ ಸ್ಟಿಕ್ಕರ್ 1,350 ಇತ್ತು. ಅದನ್ನು ತಂದಿದ್ದರೆ, ಎಳೆಯುವ ತಾಕತ್ತಿನಲ್ಲಿ ಅರ್ಧವನ್ನೂ ಬಳಸದೆ ಹೊರುವ ತಾಕತ್ತನ್ನು 45 ಪೌಂಡ್ ಮೀರುತ್ತಿದ್ದೆ.

ಜಾಹೀರಾತಿನ ಅಂಕಿ ಸುಳ್ಳೇನಲ್ಲ. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ರೂಪಿಸಿದ ಜೆ2807 ಎಂಬ ಪರೀಕ್ಷೆಯ ಮೇಲೆ ಅದು ನಿಂತಿದೆ. ಅರಿಜೋನಾದ ಡೇವಿಸ್ ಡ್ಯಾಂ ಏರನ್ನು ಕನಿಷ್ಠ ವೇಗ ಬಿಡದೆ ಹತ್ತಬೇಕು ಎಂಬುದೂ ಅದರಲ್ಲಿ ಸೇರಿದೆ. ಆದರೆ ಅಲ್ಲಿ ಹಿಡಿಯುವುದು ತಲಾ 150 ಪೌಂಡಿನ ಇಬ್ಬರನ್ನು. ನಮ್ಮ ಡೇರೆ, ಜನರೇಟರು, ಪೆಟ್ರೋಲು ಅದರಲ್ಲಿಲ್ಲ.

ಪಿಕಪ್ಪಿನ ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್ಚಿನ ಮೇಲೆ ಅಂಟಿಸಿರುವ ಚೀಟಿಯನ್ನೂ ಓದಬೇಕು. ಎಷ್ಟೋ ಹಾಫ್-ಟನ್ ಗಾಡಿಗಳ ಹಿಚ್ಚಿಗೆ ಎರಡು ಮಿತಿ ಬರೆದಿರುತ್ತದೆ: ಬರೀ ಬಾಲ್ (ಟ್ರೇಲರಿನ ಮೂಗು ಕೂರುವ ಕಬ್ಬಿಣದ ಗುಂಡು) ಹಾಕಿದರೆ ಎಳೆಯಲು 5,000, ಕೊಂಡಿಗೆ 500, ಭಾರ ಹಂಚುವ ಹಿಚ್ಚು ಹಾಕಿದರೆ ಅದಕ್ಕಿಂತ ಹೆಚ್ಚು. 4,700 ಪೌಂಡ್ 5,000ದ ಒಳಗೇ ಇದೆಯಲ್ಲ ಅಂತ ಸಮಾಧಾನ ಪಟ್ಟರೆ 565 ಆಗಲೇ 500 ದಾಟಿರುತ್ತದೆ. ಭಾರ ಹಂಚುವ ಹಿಚ್ಚಿನ ಸ್ಪ್ರಿಂಗ್ ಸರಳುಗಳನ್ನು ಎಷ್ಟು ಬಿಗಿಯಬೇಕು ಎನ್ನಲು ಟೇಪು ಸಾಕು. ಟ್ರೇಲರ್ ಇಲ್ಲದಾಗ ಮುಂದಿನ ಮಡ್‌ಗಾರ್ಡಿನ ಎತ್ತರ ಅಳೆದುಕೊಳ್ಳಿ. ತುಂಬಿದ ಟ್ರೇಲರ್ ಹೂಡಿದಾಗ ಅದು ಎಷ್ಟು ಮೇಲೆದ್ದಿತೋ, ಸರಳು ಬಿಗಿದ ಮೇಲೆ ಅದರಲ್ಲಿ ಅರ್ಧವಾದರೂ ಇಳಿದಿರಬೇಕು. ಪೂರ್ತಿ ಹಳೇ ಎತ್ತರಕ್ಕಿಂತ ಕೆಳಗೆ ಹೋಯಿತೆಂದರೆ ಬಿಗಿ ಜಾಸ್ತಿಯಾಗಿದೆ.

ಟ್ರೇಲರಿಗೆ ಬರೋಣ. ನಾನು ತೆಗೆದುಕೊಂಡದ್ದು ಎರಡು ಅಚ್ಚಿನದು, ಅಚ್ಚು ಒಂದಕ್ಕೆ 3,500 ಪೌಂಡಿನಂತೆ ಒಟ್ಟು ಮಿತಿ 7,000. ಅದರ ಸ್ವಂತ ತೂಕ ಕಳೆದರೆ 5,050 ಹೇರಬಹುದು. ಒಂಟಿ ಅಚ್ಚಿನ ಅಲ್ಯೂಮಿನಿಯಂ ಟ್ರೇಲರ್ 1,000 ಪೌಂಡ್ ತೂಕದ ಆಸುಪಾಸಿನಲ್ಲಿ ಸಿಗುತ್ತದೆ, ಸಣ್ಣ ಎಸ್‌ಯುವಿಯಲ್ಲೂ ಎಳೆಯಬಹುದು ಎಂಬ ಆಸೆ ಹುಟ್ಟಿಸುತ್ತದೆ. ಆದರೆ 3,500ರಲ್ಲಿ 1,000 ಕಳೆದು, ಅದರಲ್ಲಿ ಕಾರು 2,300 ಕಳೆದರೆ ಉಳಿಯುವುದು 200. ಒಂದು ಸೆಟ್ ಚಕ್ರ, ಒಂದು ಜ್ಯಾಕು ಹಾಕಿದರೆ ಮುಗಿಯಿತು. ಮೇಲಾಗಿ ಒಂಟಿ ಅಚ್ಚಿನಲ್ಲಿ ಟಯರ್ ಒಡೆದರೆ ಆ ಬದಿಗೆ ಬೇರೆ ಆಸರೆಯೇ ಇಲ್ಲ. ಎರಡು ಅಚ್ಚಿದ್ದರೆ ಪಕ್ಕದ ಚಕ್ರ ರಸ್ತೆ ಬದಿಗೆ ತಲುಪಿಸುತ್ತದೆ.

ಮುಚ್ಚಿದ ಪೆಟ್ಟಿಗೆ ಟ್ರೇಲರ್ ಎಲ್ಲರ ಕನಸು. ಮಳೆ ಇಲ್ಲ, ಧೂಳಿಲ್ಲ, ಕಳ್ಳರ ಕಣ್ಣಿಲ್ಲ. 24 ಅಡಿಯದು ಖಾಲಿಯೇ 4,000 ಪೌಂಡಿನ ಸುತ್ತ. ಕಾರು, ಸಾಮಾನು ಸೇರಿದರೆ ಕೊಂಡಿಯ ಭಾರವೇ ಸಾವಿರದ ಹತ್ತಿರ ಹೋಗಿ ಹಾಫ್-ಟನ್ನಿಗಿಂತ ಒಂದು ದರ್ಜೆ ಮೇಲಿನ ತ್ರೀ-ಕ್ವಾರ್ಟರ್ ಟನ್ ಪಿಕಪ್ಪು ಬೇಕಾಗುತ್ತದೆ. ಪಚೇಕೋ ಪಾಸಿನ ಮೇಲೆ, ಸ್ಯಾನ್ ಲೂಯಿಸ್ ಜಲಾಶಯದ ಪಕ್ಕ ಬೀಸುವ ಅಡ್ಡಗಾಳಿಗೆ ಆ ಗೋಡೆ ಹಾಯಿಯಂತಾಗುತ್ತದೆ. ಮಿಯಾಟಾದಂಥ ಕಾರಿಗೆ ಇಷ್ಟು ಹೊರೆ ಯಾಕೆ ಎಂಬುದು ನನ್ನ ಅಭಿಪ್ರಾಯ. ಮೊದಲ ಒಂದೆರಡು ವರ್ಷ ಯು-ಹಾಲ್‌ನ ಬಾಡಿಗೆ ಟ್ರೇಲರ್ ಕೂಡ ಸಾಕು. ಅದು ಖಾಲಿ 2,210 ಪೌಂಡ್, 5,290ರವರೆಗೆ ಹೇರಬಹುದು. ತಗ್ಗಿಸಿದ ಕಾರಿನ ಮೂತಿ ಅದರ ಇಳಿಜಾರಿಗೆ ತಾಗುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಇನ್ನು ಕಾರನ್ನು ಟ್ರೇಲರಿನ ಮೇಲೆ ಎಲ್ಲಿ ನಿಲ್ಲಿಸಬೇಕು ಎಂಬುದು. ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಕತ್ತು ನೋಯುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೇಲರಿನಲ್ಲಿ ಹಿಂಭಾರ ಇನ್ನೂ ಕೆಟ್ಟದ್ದು. ಗಂಟೆಗೆ 50 ಮೈಲಿ ದಾಟಿದ ಮೇಲೆ ಬಾಲ ಅತ್ತಿತ್ತ ತೂಗಲು ಶುರುವಾಗಿ, ಪ್ರತಿ ತೂಗಿಗೂ ದೊಡ್ಡದಾಗುತ್ತಾ ಪಿಕಪ್ಪನ್ನೇ ತಿರುಗಿಸಿಬಿಡುತ್ತದೆ. ಆಗ ಪಿಕಪ್ಪಿನ ಬ್ರೇಕು ತುಳಿಯಬಾರದು. ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಹಾಕಬೇಕು.

ಕೊಂಡಿಯ ಮೇಲೆ ಕೂರುವ ಈ ಮುಂಭಾರ ಅಳೆಯಲು ದುಬಾರಿ ಸಾಧನ ಬೇಡ, ಮನೆಯ ತೂಕದ ಯಂತ್ರ ಸಾಕು. ನಾಲ್ಕಡಿಯ ಗಟ್ಟಿ ತೊಲೆ ತೆಗೆದುಕೊಳ್ಳಿ. ಒಂದು ಕಡೆ ಇಟ್ಟಿಗೆಯ ಮೇಲೊಂದು ಕಬ್ಬಿಣದ ಪೈಪು, ಅಲ್ಲಿಂದ ಸರಿಯಾಗಿ ಮೂರು ಅಡಿ ದೂರಕ್ಕೆ ತೂಕದ ಯಂತ್ರದ ಮೇಲೆ ಇನ್ನೊಂದು ಪೈಪು, ಎರಡರ ಮೇಲೂ ತೊಲೆ. ಇಟ್ಟಿಗೆ ಕಡೆಯ ಪೈಪಿನಿಂದ ಒಂದಡಿ ದೂರದಲ್ಲಿ ಟ್ರೇಲರಿನ ಮೂಗನ್ನು ತೊಲೆಯ ಮೇಲೆ ಇಳಿಸಿ. ಯಂತ್ರ ತೋರಿಸುವುದನ್ನು ಮೂರರಿಂದ ಗುಣಿಸಿದರೆ ಮುಂಭಾರ. ನೆಲ ಸಮತಟ್ಟಾಗಿರಬೇಕು, ಟ್ರೇಲರ್ ಚಕ್ರಕ್ಕೆ ಎರಡೂ ಕಡೆ ಅಡೆ ಕೊಟ್ಟಿರಬೇಕು. 188 ಬಂದರೆ 564, ಅದೇ ನನಗೆ ಬೇಕಾದದ್ದು. ನನ್ನ ಟ್ರೇಲರಿನಲ್ಲಿ ಬಾಲಿನಿಂದ ಎರಡು ಅಚ್ಚುಗಳ ನಡುಮಧ್ಯಕ್ಕೆ ಸುಮಾರು 15 ಅಡಿ. ಹಾಗಾಗಿ ಕಾರನ್ನು ಅರ್ಧ ಅಡಿ ಮುಂದೆ ಸರಿಸಿದರೆ ಮುಂಭಾರ 75 ಪೌಂಡಿನಷ್ಟು ಏರುತ್ತದೆ. ಸರಿಯಾದ ಜಾಗ ಸಿಕ್ಕ ಕೂಡಲೇ ಮುಂದಿನ ಚಕ್ರಕ್ಕೆ ತಾಗುವಂತೆ ಹಲಗೆಗೆ ಒಂದು ಮರದ ತುಂಡನ್ನು ಬೋಲ್ಟ್ ಮಾಡಿಬಿಡಿ. ಆಮೇಲೆ ಪ್ರತಿ ಸಲ ಅಳೆಯುವ ತಲೆನೋವಿಲ್ಲ. ಎಂಜಿನ್ ಹಿಂದಿರುವ ಪೋರ್ಶೆ 911ರಂಥ ಕಾರನ್ನು ಎಷ್ಟೋ ಜನ ಹಿಮ್ಮುಖವಾಗಿ ಹತ್ತಿಸುವುದು ಇದೇ ಲೆಕ್ಕಕ್ಕೆ. ಮಿಯಾಟಾದ ಭಾರ ಹಿಂದೆ ಮುಂದೆ ಹೆಚ್ಚುಕಮ್ಮಿ ಸಮ, ಮೂತಿ ಮುಂದಾಗಿಯೇ ಹತ್ತಿಸಬಹುದು.

ಹತ್ತಿಸುವಾಗ ತಾಗುವುದು ಮುಂದಿನ ಸ್ಪ್ಲಿಟರ್, ಅಂದರೆ ಮೂತಿಯ ಕೆಳಗೆ ಮುಂದಕ್ಕೆ ಚಾಚಿರುವ ಹಲಗೆ. ಟ್ರೇಲರಿನ ಬಾಲದ ತುದಿ ನೆಲದಿಂದ 18 ಅಂಗುಲ. ಜೊತೆಗೆ ಬಂದ 5 ಅಡಿಯ ಇಳಿಜಾರು ಹಲಗೆಯಲ್ಲಿ ಹತ್ತಿದರೆ 17 ಡಿಗ್ರಿ ಮೀರುತ್ತದೆ. 7 ಅಡಿಯದಕ್ಕೆ ಬದಲಾಯಿಸಿದರೆ 12ರ ಹತ್ತಿರ. ಪಿಕಪ್ಪಿಗೆ ಹೂಡಿರುವಾಗಲೇ ಮೂಗಿನ ಜ್ಯಾಕು ತಿರುಗಿಸಿ ಮುಂದನ್ನು ಎತ್ತಿದರೆ ಬಾಲ ಇನ್ನು ಮೂರು ಅಂಗುಲ ಇಳಿಯುತ್ತದೆ, 10 ಡಿಗ್ರಿ ಚಿಲ್ಲರೆಗೆ ಬರುತ್ತದೆ. ಉಳಿದದ್ದಕ್ಕೆ ಹಲಗೆಯ ಬುಡದಲ್ಲಿ ಎರಡಂಗುಲ ದಪ್ಪದ ಮರದ ತುಂಡುಗಳನ್ನು ಹಾಸುತ್ತೇನೆ. ಪಿಕಪ್ಪಿನಿಂದ ಬಿಡಿಸಿದ ಟ್ರೇಲರಿಗೆ ಕಾರು ಹತ್ತಿಸಲು ಮಾತ್ರ ಹೋಗಬೇಡಿ. ಮುಂದಿನ ಚಕ್ರ ಬಾಲ ಮುಟ್ಟಿದ ಕೂಡಲೇ ಮೂಗು ಗಾಳಿಗೆ ಹಾರುತ್ತದೆ.

ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆಯೊಂದಿದೆ: ಹತ್ತಿಸಿದ ಮೇಲೆ ಇಳಿಯುವುದು ಹೇಗೆ? ಮಿಯಾಟಾದ ಬಾಗಿಲಿನ ಕೆಳ ಅಂಚು ಟ್ರೇಲರಿನ ಮಡ್‌ಗಾರ್ಡಿಗಿಂತ ತಗ್ಗಿನಲ್ಲಿದೆ, ಬಾಗಿಲು ತೆರೆಯುವುದೇ ಇಲ್ಲ. ಕೇಜಿನ ಸಂದಿಯಲ್ಲಿ ಕಿಟಕಿಯಿಂದ ತೂರಿಕೊಂಡು ಬರಬೇಕು. ಕಳಚಿಡಬಹುದಾದ ಮಡ್‌ಗಾರ್ಡ್ ಇರುವ ಟ್ರೇಲರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಇಲ್ಲವೇ ವಿಂಚ್ ಹಾಕಿಸಿ. 12 ಡಿಗ್ರಿಯಲ್ಲಿ ಈ ಕಾರನ್ನು ಎಳೆಯಲು 500 ಪೌಂಡಿನಷ್ಟು ಬಲ ಸಾಕು, 2,000 ಪೌಂಡಿನ ಸಣ್ಣ ವಿಂಚೇ ಧಾರಾಳ.

ಕಟ್ಟುವುದಕ್ಕೆ ಎರಡಂಗುಲ ಅಗಲದ ನಾಲ್ಕು ರ‍್ಯಾಚೆಟ್ ಪಟ್ಟಿ. 10,000 ಪೌಂಡಿಗೆ ಹರಿಯುವ ಪಟ್ಟಿಯ ಕೆಲಸದ ಮಿತಿ 3,333, ನೋಡಬೇಕಾದದ್ದು ಎರಡನೆಯದನ್ನು. ಪಟ್ಟಿಯನ್ನು ಕಾರಿನ ಬಾಡಿಗೆ ಕಟ್ಟಿದರೆ ಹಳ್ಳದಲ್ಲಿ ಸಸ್ಪೆನ್ಷನ್ ಕುಗ್ಗಿದಾಗಲೆಲ್ಲ ಪಟ್ಟಿ ಸಡಿಲಾಗಿ ಕೊಕ್ಕೆ ಕಳಚಿಕೊಳ್ಳಬಹುದು. ಟಯರಿನ ಮೇಲೆ ಹಾಸಿ ಕಟ್ಟುವ ಪಟ್ಟಿಯಾದರೆ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನು ಕುಣಿಯುತ್ತಿರುತ್ತದೆ, ಕಟ್ಟು ಅಲ್ಲಾಡುವುದಿಲ್ಲ. ಸಸ್ಪೆನ್ಷನ್ನಿನ ಕೆಳಗಿನ ಆರ್ಮಿಗೆ (ಚಕ್ರ ಹಿಡಿದಿರುವ ತೋಳಿಗೆ) ಸುತ್ತುವುದಾದರೆ ಬ್ರೇಕ್ ಪೈಪು ನಡುವೆ ಸಿಕ್ಕಿಕೊಂಡಿಲ್ಲ ತಾನೇ ಎಂದು ಕೈ ಹಾಕಿ ನೋಡಿ. ಪಟ್ಟಿ ಸಿಕ್ಕಿಸುವ ಟ್ರೇಲರಿನ ಬಳೆಗಳು ಬರೀ ಮರದ ಹಲಗೆಗೆ ಸ್ಕ್ರೂ ಮಾಡಿದ್ದರೆ ಅವು ಲೆಕ್ಕಕ್ಕಿಲ್ಲ, ಕೆಳಗಿನ ಕಬ್ಬಿಣಕ್ಕೆ ಬೋಲ್ಟ್ ಆಗಿರಬೇಕು. ಟ್ರ್ಯಾಕಿನಿಂದ ಬಂದ ಬಿಸಿಯಲ್ಲೇ ಹತ್ತಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡಿನ ವಸ್ತು ಡಿಸ್ಕಿಗೆ ಮೆತ್ತಿಕೊಂಡು ಮುಂದಿನ ಸಲ ಬ್ರೇಕು ನಡುಗುತ್ತದೆ. ಗೇರಿನಲ್ಲಿ ಬಿಟ್ಟು ಅಡೆ ಕೊಟ್ಟರೆ ಆಯಿತು.

ಬಾಲಿನ ವಿಷಯದಲ್ಲಿ ಒಂದು ಮೋಸವಿದೆ. ಈ ದರ್ಜೆಯ ಕೆಲವು ಟ್ರೇಲರುಗಳ ಕಪ್ಲರ್ (ಬಾಲಿನ ಮೇಲೆ ಕೂರುವ ಮೂಗಿನ ಬಟ್ಟಲು) 2 5/16 ಅಂಗುಲದ ಬಾಲಿನದು. ಅದರೊಳಗೆ 2 ಅಂಗುಲದ ಬಾಲೂ ಹೋಗುತ್ತದೆ, ಚಿಲಕವೂ ಬೀಳುತ್ತದೆ, ನಿಧಾನಕ್ಕೆ ಎಳೆದರೆ ಬರುತ್ತದೆ ಕೂಡ. ಮೊದಲ ದೊಡ್ಡ ಉಬ್ಬಿನಲ್ಲಿ ಕಳಚುತ್ತದೆ. ಪರೀಕ್ಷೆ ಸುಲಭ: ಚಿಲಕ ಹಾಕಿದ ಮೇಲೆ ಮೂಗಿನ ಜ್ಯಾಕಿನಿಂದ ಎರಡಂಗುಲ ಎತ್ತಿ. ಪಿಕಪ್ಪಿನ ಹಿಂಭಾಗವೂ ಜೊತೆಗೆ ಏಳಬೇಕು. ಸರಪಳಿಗಳನ್ನು ಮೂಗಿನ ಕೆಳಗೆ ಅಡ್ಡಡ್ಡವಾಗಿ ಹಾಕಿ, ಕಳಚಿದರೆ ಮೂಗು ಅವುಗಳ ತೊಟ್ಟಿಲಿಗೆ ಬೀಳಲಿ. ಟ್ರೇಲರ್ ಕಳಚಿದಾಗ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ತೆಳು ತಂತಿಯನ್ನು ಪಿಕಪ್ಪಿಗೇ ಸಿಕ್ಕಿಸಬೇಕು, ಸರಪಳಿಗಲ್ಲ.

ಟ್ರೇಲರಿನ ಬ್ರೇಕ್ ಎರಡೂ ಅಚ್ಚಿಗೆ ಇರಲಿ. ಆ ಬ್ರೇಕಿನ ಬಲ ಹೊಂದಿಸುವ ಕ್ಯಾಬಿನ್ನಿನ ಕಂಟ್ರೋಲರನ್ನು ತುಂಬಿದ ಟ್ರೇಲರಿನೊಂದಿಗೆ, ಖಾಲಿ ರಸ್ತೆಯಲ್ಲಿ, 25 ಮೈಲಿ ವೇಗದಲ್ಲಿ ಹೊಂದಿಸುತ್ತೇನೆ. ಕೈಗುಂಡಿ ಪೂರ್ತಿ ಒತ್ತಿದಾಗ ಚಕ್ರ ಕಚ್ಚಿಕೊಳ್ಳುವುದಕ್ಕಿಂತ ಕೊಂಚ ಮೊದಲಿನ ಹಂತವೇ ಸರಿ. ಕಾರು ಇಳಿಸಿ ಖಾಲಿ ಎಳೆಯುವಾಗ ಅದನ್ನು ತಗ್ಗಿಸದಿದ್ದರೆ ಟಯರ್ ಉಜ್ಜಿ ಚಪ್ಪಟೆಯಾಗುತ್ತದೆ.

ಟಯರು ಎಸ್‌ಟಿ205/75ಆರ್15, ಲೋಡ್ ರೇಂಜ್ ಸಿ (ಎಸ್‌ಟಿ ಅಂದರೆ ಟ್ರೇಲರಿಗೇ ಮಾಡಿದ್ದು, ಸಿ ಎಂಬುದು ಹೊರುವ ದರ್ಜೆ). ಒಂದಕ್ಕೆ 1,820 ಪೌಂಡ್ ಹೊರುವುದು 50 ಪಿಎಸ್‌ಐ ಇದ್ದಾಗ ಮಾತ್ರ. ಕಾರಿನ ಟಯರಿನಂತೆ 35 ಹಾಕಿಕೊಂಡು ಜುಲೈ ತಿಂಗಳ ಸೆಂಟ್ರಲ್ ವ್ಯಾಲಿಗೆ ಇಳಿದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಸಿಪ್ಪೆ ಏಳುತ್ತದೆ. ಟ್ರೇಲರ್ ಟಯರ್ ಸವೆದು ಸಾಯುವುದು ಕಡಿಮೆ, ಬಿಸಿಲಿನಲ್ಲಿ ನಿಂತೇ ಸಾಯುತ್ತದೆ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ; ಐದಾರು ವರ್ಷ ದಾಟಿದ್ದನ್ನು ನಾನು ನಂಬುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಮಿತಿ ಹೇಗಿದ್ದರೂ 55 ಮೈಲಿ.

ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸ್. ಹಬ್ಬಿನ ಮುಂದಿನ ನಿಪ್ಪಲಿಗೆ ಗನ್ ಇಟ್ಟು ಒತ್ತುತ್ತಲೇ ಹೋದರೆ ಗ್ರೀಸು ಹಿಂದಿನ ಸೀಲ್ ದಾಟಿ ಬ್ರೇಕ್ ಡ್ರಮ್ಮಿನೊಳಗೆ ಸುರಿಯುತ್ತದೆ. ಚಕ್ರ ತಿರುಗಿಸುತ್ತಾ ನಿಧಾನವಾಗಿ ತುಂಬಬೇಕು, ಇನ್ನೂ ಒಳ್ಳೆಯದು ಬಿಚ್ಚಿ ಕೈಯಿಂದಲೇ ತುಂಬುವುದು. ಚಕ್ರ ಕಳಚಿ ಹಾಕಿದ ಮೇಲೆ 10, 25, 50 ಮೈಲಿಗೊಮ್ಮೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಿರಿ. ದಾರಿಯಲ್ಲಿ ನಿಂತಾಗಲೆಲ್ಲ ನಾಲ್ಕೂ ಹಬ್ಬಿನ ಹತ್ತಿರ ಅಂಗೈ ಒಯ್ದು ನೋಡುತ್ತೇನೆ. ನಾಲ್ಕೂ ಒಂದೇ ಥರ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಬಿಡುತ್ತಿಲ್ಲ.

ಕೊನೆಗೆ, ಕಾರಿಗೆ ಏಟು ಬಿದ್ದ ದಿನಕ್ಕೂ ಸಾಮಾನು ಇರಲಿ. ಮುಂದಿನ ಚಕ್ರ ಮುರಿದು ಒಳಕ್ಕೆ ಮಡಚಿದ ಕಾರು ಉರುಳುವುದಿಲ್ಲ, ಟಯರ್ ಪಟ್ಟಿ ಅದಕ್ಕೆ ಕೂರುವುದೂ ಇಲ್ಲ. ಆ ಚಕ್ರದಡಿ ಜಾರಿಸಲು ಒಂದು ಜೊತೆ ಪ್ಲಾಸ್ಟಿಕ್ ಸ್ಕೇಟ್, ವಿಂಚಿನ ತಂತಿಯನ್ನು ಬೇರೆ ಕೋನಕ್ಕೆ ತಿರುಗಿಸಲು ಒಂದು ರಾಟೆ, ಆರ್ಮಿಗೋ ಕೇಜಿನ ಬುಡಕ್ಕೋ ಸುತ್ತಲು ಎರಡು ಹೆಚ್ಚುವರಿ ಪಟ್ಟಿ, ಇಷ್ಟು ಟೂಲ್ ಪೆಟ್ಟಿಗೆಯ ಮೇಲ್ಗಡೆಯೇ ಇರುತ್ತವೆ. ಅಂಥ ಕಾರು ಮರದ ತುಂಡಿನವರೆಗೆ ಬರದೆ ಹಿಂದೆಯೇ ನಿಲ್ಲುತ್ತದೆ. ಆಗ ಪಿಕಪ್ಪಿನ ತೊಟ್ಟಿಯಲ್ಲಿರುವ ಚಕ್ರ, ಪೆಟ್ರೋಲ್ ಕ್ಯಾನು ಎಲ್ಲವನ್ನೂ ಟ್ರೇಲರಿನ ಮೂತಿಗೆ ಒಟ್ಟಿ, ಹೊರಡುವ ಮೊದಲು ಮುಂಭಾರವನ್ನು ಮತ್ತೆ ಅಳೆಯಬೇಕು.