ಕತ್ತಲಿಗೆ ಕಾಯುವ ಸಿನಿಮಾ: ಡ್ರೈವ್-ಇನ್‌ನಲ್ಲಿ ನನ್ನ ಬೇಸಿಗೆಗಳು

ಡ್ರೈವ್-ಇನ್ ಅಂದರೆ ಬಯಲಿನಲ್ಲಿ ಕಾರು ನಿಲ್ಲಿಸಿ, ಕಾರಿನಲ್ಲೇ ಕೂತು ದೊಡ್ಡ ಪರದೆ ಮೇಲೆ ಸಿನಿಮಾ ನೋಡುವ ಜಾಗ. ಅಲ್ಲಿ ನನಗೆ ಮೊದಲು ಸಿಕ್ಕ ಕೆಲಸ ಹಗ್ಗ ಕಟ್ಟುವುದು. ದೊಡ್ಡ ಕಾರಿನವರು ಹಿಂಭಾಗ ಪರದೆಯ ಕಡೆ ಬರುವಂತೆ ಗಾಡಿ ನಿಲ್ಲಿಸುತ್ತಾರೆ. ಡಿಕ್ಕಿ ತೆಗೆದು, ಒಳಗೆ ಹಾಸಿಗೆ ಹಾಸಿ, ಮಲಗಿಕೊಂಡೇ ಸಿನಿಮಾ ನೋಡುತ್ತಾರೆ. ಡಿಕ್ಕಿಯ ಬಾಗಿಲು ಪೂರ್ತಿ ಮೇಲೆದ್ದರೆ ಹಿಂದಿನ ಸಾಲಿನವರಿಗೆ ಏನೂ ಕಾಣುವುದಿಲ್ಲ. ಅದನ್ನು ಕಾರಿನ ಚಾವಣಿಯ ಮಟ್ಟಕ್ಕೆ ಎಳೆದು ಕಟ್ಟಬೇಕು. ಪೆನ್ಸಿಲ್ವೇನಿಯಾದ ಪೂರ್ವ ಭಾಗದಲ್ಲಿರುವ ಒಂದು ಹಳೆಯ ಡ್ರೈವ್-ಇನ್‌ನಲ್ಲಿ ಮೊದಲ ಬೇಸಿಗೆ ಇಡೀ ನಾನು ಮಾಡಿದ್ದು ಇದನ್ನೇ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಶುಕ್ರವಾರ ಶನಿವಾರ ರಾತ್ರಿ ಇಲ್ಲಿ. ಸಂಬಳ ಇರಲಿಲ್ಲ, ನಾನು ಕೇಳಲೂ ಇಲ್ಲ. ಎರಡನೇ ವರ್ಷ ಪ್ರೊಜೆಕ್ಟರ್ ಕೋಣೆಗೆ ಬಿಟ್ಟುಕೊಂಡರು.

ಅಲ್ಲಿ ಕಲಿತ ಮೊದಲ ವಿಷಯ, ಟಿಕೆಟ್ ಮೇಲೆ ಏನೇ ಬರೆದಿರಲಿ, ಆಟ ಶುರುವಾಗುವುದು ಕತ್ತಲು ಬಂದಾಗ. ನಮ್ಮ ಪರದೆಯ ಮುಖ ಪೂರ್ವಕ್ಕಿದೆ, ಮುಳುಗುವ ಸೂರ್ಯ ಅದರ ಬೆನ್ನಿಗೆ ಬೀಳುತ್ತಾನೆ. ಆದರೂ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವಾಗ ಎಂಟೂವರೆ ದಾಟಿರುತ್ತದೆ. ಒಂಬತ್ತಕ್ಕೆ ಮೊದಲು ಪ್ರೊಜೆಕ್ಟರ್ ಹಚ್ಚಿದರೆ ಪರದೆ ಮೇಲೆ ಬರೀ ಬೂದು ಬಣ್ಣ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಗೆ ಅಮೆರಿಕದಲ್ಲಿ 1966ರಲ್ಲಿ ಒಂದೇ ಕಾನೂನು ಬಂತು. ಡ್ರೈವ್-ಇನ್ ಮಾಲೀಕರು ಆ ಪದ್ಧತಿಯನ್ನು ಯಾಕೆ ಅಷ್ಟು ವಿರೋಧಿಸಿದರು ಅಂತ ಆ ಕೋಣೆಯಲ್ಲಿ ಕೂತ ಮೇಲೆ ನನಗೆ ಅರ್ಥವಾಯಿತು. ಎಂಟಕ್ಕೆ ಶುರುವಾಗುವ ಆಟ ಒಂಬತ್ತಕ್ಕೆ ಹೋದರೆ, ಎರಡು ಸಿನಿಮಾ ಮುಗಿಯುವಾಗ ರಾತ್ರಿ ಒಂದು ಗಂಟೆ. ಚಿಕ್ಕ ಮಕ್ಕಳಿರುವವರು ಎಷ್ಟು ಸಲ ಬಂದಾರು?

ಈ ಸಿನಿಮಾ ಹುಟ್ಟಿದ್ದು ಮಾತ್ರ ಅಂಥವರಿಗಾಗಿಯೇ. ನಮ್ಮ ಪಕ್ಕದ ರಾಜ್ಯ ನ್ಯೂಜೆರ್ಸಿಯ ಕ್ಯಾಮ್‌ಡೆನ್ ಬಳಿ ರಿಚರ್ಡ್ ಹಾಲಿಂಗ್ಸ್‌ಹೆಡ್ 1933ರ ಜೂನ್ 6ರಂದು ಮೊದಲ ಡ್ರೈವ್-ಇನ್ ತೆರೆದ. ಮಕ್ಕಳು ಎಷ್ಟೇ ಗಲಾಟೆ ಮಾಡಲಿ, ಮನೆಮಂದಿಯೆಲ್ಲ ಬನ್ನಿ ಅಂತ ಜಾಹೀರಾತು ಕೊಟ್ಟ. ಅದಕ್ಕೂ ಮುಂಚೆ ಮನೆಯ ಮುಂದೆಯೇ ಎಲ್ಲ ಪರೀಕ್ಷೆ ಮಾಡಿದ್ದ. ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್, ಮರಗಳಿಗೆ ಕಟ್ಟಿದ ಪರದೆ, ಅದರ ಹಿಂದೆ ಒಂದು ರೇಡಿಯೋ. ಮಳೆ ಬಂದರೆ ಹೇಗೆ ಕಾಣುತ್ತದೆ ಅಂತ ನೋಡಲು ತೋಟಕ್ಕೆ ನೀರು ಹಾಯಿಸುವ ಕಾರಂಜಿ ತಿರುಗಿಸಿದ. ಮುಂದಿನ ಚಕ್ರಗಳ ಕೆಳಗೆ ಮರದ ತುಂಡು ಇಟ್ಟು, ಕಾರು ಎಷ್ಟು ತಲೆ ಎತ್ತಬೇಕು ಅಂತ ಅಳೆದ. ನಮ್ಮ ಮೈದಾನದಲ್ಲೂ ಇವತ್ತಿಗೂ ಅದೇ ಲೆಕ್ಕ. ಬಿಲ್ಲಿನಂತೆ ಬಾಗಿದ ಸಾಲುಗಳು, ಪ್ರತಿ ಸಾಲಿಗೂ ಒಂದು ಉದ್ದನೆಯ ದಿಬ್ಬ. ಪ್ರತಿ ವಸಂತದಲ್ಲೂ ಹಿಮ ಕರಗಿದ ಮೇಲೆ ಆ ದಿಬ್ಬಗಳಿಗೆ ಜಲ್ಲಿ ಹಾಕಿ ಸರಿಮಾಡುತ್ತೇವೆ.

ಶಬ್ದದ ವಿಷಯ ಬದಲಾಗಿದೆ. ಮೊದಲು ಕಂಬಕ್ಕೆ ಸಿಕ್ಕಿಸಿದ ಪುಟ್ಟ ಸ್ಪೀಕರ್ ಇರುತ್ತಿತ್ತು, ಅದನ್ನು ಕಿಟಕಿ ಗಾಜಿಗೆ ನೇತುಹಾಕಿಕೊಳ್ಳುತ್ತಿದ್ದರು. ಈಗ ಎಫ್‌ಎಂ. ಕೋಣೆಯಿಂದ ಸಣ್ಣ ಟ್ರಾನ್ಸ್‌ಮಿಟರ್ ಕಳಿಸುತ್ತದೆ, ಕಾರಿನ ರೇಡಿಯೋ ಹಿಡಿಯುತ್ತದೆ. ಹೊಸ ಕಾರುಗಳದು ಇನ್ನೊಂದು ಕಷ್ಟ. ರೇಡಿಯೋ ಹಾಕಿದರೆ ಮುಂದಿನ ದೀಪವೂ ಹತ್ತಿಕೊಳ್ಳುತ್ತದೆ. ಎಷ್ಟೋ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಆರುತ್ತದೆ. ಆರದಿದ್ದರೆ ಕಾಲಡಿಯ ಮ್ಯಾಟನ್ನೇ ತೆಗೆದು ದೀಪಕ್ಕೆ ಮುಚ್ಚುತ್ತೇವೆ. ಮೂರು ಗಂಟೆ ರೇಡಿಯೋ ಹಾಡಿದರೆ ಹಳೆಯ ಬ್ಯಾಟರಿ ಸತ್ತೇ ಹೋಗುತ್ತದೆ. ಹಾಗಾಗಿ ಆಟ ಬಿಟ್ಟ ಮೇಲೆ, ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ಕೊಡುವ ಜಂಪರ್ ಕೇಬಲ್ ಹಿಡಿದು ಒಂದು ಸುತ್ತು ಹಾಕುವುದು ಕಾಯಂ.

1958ರ ಹೊತ್ತಿಗೆ ಅಮೆರಿಕದಲ್ಲಿ ಇಂಥವು 4000ಕ್ಕೂ ಜಾಸ್ತಿ ಇದ್ದವು. ಈಗ 300ರ ಆಸುಪಾಸು. ಟಿವಿ, ವಿಡಿಯೋ ಕ್ಯಾಸೆಟ್, ಮಲ್ಟಿಪ್ಲೆಕ್ಸ್ ಅಂತ ಎಲ್ಲರೂ ಕಾರಣ ಹೇಳುತ್ತಾರೆ, ಅವೆಲ್ಲ ನಿಜವೇ. ಆದರೆ ನಾನು ಕಣ್ಣಾರೆ ಕಂಡ ಕಾರಣ ಜಮೀನು. ಹತ್ತಾರು ಎಕರೆ ಜಾಗ, ರಾತ್ರಿಗೆ ಒಂದೋ ಎರಡೋ ಆಟ, ಅದೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ನಮ್ಮ ಲೀಹೈ ಕಣಿವೆಯ ಹೊಲಗಳೆಲ್ಲ ಗೋದಾಮುಗಳಾಗುತ್ತಿವೆ. ಅಂಥ ಕಡೆ ಬರೀ ಹುಲ್ಲು, ಒಂದು ಬಿಳಿ ಗೋಡೆ ಇಟ್ಟುಕೊಂಡು ಕೂರಲು ಗಟ್ಟಿ ಮನಸ್ಸು ಬೇಕು. ಹೊಸ ಸಿನಿಮಾ ಆದರೆ ಟಿಕೆಟ್ ಹಣದ ದೊಡ್ಡ ಪಾಲು ವಿತರಕರಿಗೆ ಹೋಗುತ್ತದೆ. ಡ್ರೈವ್-ಇನ್ ಬದುಕುವುದು ಪಾಪ್‌ಕಾರ್ನ್, ಬರ್ಗರ್ ಮೇಲೆ. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬರುವ ನಮ್ಮವರಿಗೆ ನಾನು ತಪ್ಪದೆ ಹೇಳುತ್ತೇನೆ: ಕಾಫಿಯನ್ನಾದರೂ ಕೌಂಟರ್‌ನಲ್ಲಿ ತಗೊಳ್ಳಿ.

2013ರ ಸುಮಾರಿಗೆ ಸ್ಟುಡಿಯೋಗಳು 35 ಎಂಎಂ ರೀಲು ಕಳಿಸುವುದನ್ನು ಬಿಡತೊಡಗಿದವು. ಒಂದೊಂದು ಪರದೆಗೆ 70 ಸಾವಿರ ಡಾಲರ್‌ಗೂ ಹೆಚ್ಚಿನ ಡಿಜಿಟಲ್ ಪ್ರೊಜೆಕ್ಟರ್ ಬೇಕಾಯಿತು. ಹಲವರು ಬಾಗಿಲು ಹಾಕಿದರು. ಲೀಹೈಟನ್‌ನ ಮಹೋನಿಂಗ್ ಡ್ರೈವ್-ಇನ್‌ನವರು ರೀಲನ್ನೇ ನೆಚ್ಚಿಕೊಂಡು ಹಳೆಯ ಸಿನಿಮಾ ಹಾಕಿ ಉಳಿದುಕೊಂಡರು. ಓರ್‌ಫೀಲ್ಡ್‌ನ ಶ್ಯಾಂಕ್‌ವೈಲರ್ಸ್ 1934ರಲ್ಲಿ ಶುರುವಾದದ್ದು, ಇನ್ನೂ ನಡೆಯುತ್ತಿದೆ. ಈ ಕಡೆ ಬಂದರೆ ಎರಡನ್ನೂ ನೋಡಿ.

2020ರ ಬೇಸಿಗೆಯಲ್ಲಿ ಥಿಯೇಟರ್‌ಗಳೆಲ್ಲ ಮುಚ್ಚಿದ್ದವು, ನಮ್ಮ ಮೈದಾನ ಮಾತ್ರ ತುಂಬುತ್ತಿತ್ತು. ಒಂದು ಕಾರಿನ ಜಾಗ ಬಿಟ್ಟು ಒಂದು ಕಾರು. ಆಗಸ್ಟ್‌ನ ಒಂದು ಶನಿವಾರ ಇಲ್ಲಿನ ಕನ್ನಡದವರೆಲ್ಲ ಸೇರಿ ಹಳೆಯದೊಂದು ಕನ್ನಡ ಸಿನಿಮಾ ಹಾಕೋಣ ಅಂತಾಯಿತು. ಡಿಜಿಟಲ್ ಸಿನಿಮಾಕ್ಕೆ ಬೀಗ ಇರುತ್ತದೆ. ಅದರ ಕೀಲಿಯೂ ಒಂದು ಫೈಲು. ಯಾವ ಯಂತ್ರ, ಯಾವ ದಿನ, ಎಷ್ಟು ಗಂಟೆಯವರೆಗೆ ಎಲ್ಲ ಅದರಲ್ಲೇ ಬರೆದಿರುತ್ತದೆ. ಸಂಜೆ 5ಕ್ಕೆ ಪರೀಕ್ಷೆ ಮಾಡಲು ಹೋದರೆ ಕೀಲಿಯ ಅವಧಿ ಮುಗಿದಿತ್ತು! ನಾನು ಇಮೇಲ್‌ನಲ್ಲಿ ‘ಶನಿವಾರ’ ಅಂತಷ್ಟೇ ಬರೆದಿದ್ದೆ. ಕೀಲಿ ಕಳಿಸಿದ ಬೆಂಗಳೂರಿನವರು ಭಾರತದ ಶನಿವಾರಕ್ಕೆ ಕೊಟ್ಟಿದ್ದರು. ಅದು ನಮ್ಮ ಮಧ್ಯಾಹ್ನ ಎರಡೂವರೆಗೇ ಮುಗಿದಿತ್ತು. ಬೆಂಗಳೂರಿಗೆ ಫೋನ್ ಮಾಡಿದಾಗ ಅಲ್ಲಿ ರಾತ್ರಿ ಎರಡೂವರೆ. ಪುಣ್ಯಾತ್ಮರು ಎದ್ದು ಕೂತು ಹೊಸ ಕೀಲಿ ಮಾಡಿಸಿ ಕಳಿಸಿದರು. ಅದು ಬಂದಾಗ 8:10. ಹೊರಗೆ ಆಗಷ್ಟೇ ಕತ್ತಲಾಗುತ್ತಿತ್ತು. ಯಾರಾದರೂ ಇಂಥದ್ದು ಮಾಡುವುದಾದರೆ ಯಾವ ದೇಶದ ಗಂಟೆ ಅಂತ ಸ್ಪಷ್ಟವಾಗಿ ಬರೆಯಿರಿ. ಹಿಂದಿನ ದಿನವೇ ಐದು ನಿಮಿಷ ಓಡಿಸಿ ನೋಡಿ.

ಆಟ ಬಿಟ್ಟ ಮೇಲೆ ಎಂದಿನಂತೆ ಕೇಬಲ್ ಹಿಡಿದು ಹೊರಟೆ. ಕೊನೆಯ ಸಾಲಿನಲ್ಲಿ ಒಂದು ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಒಳಗೆ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು. ಮಗಳ ಮನೆಗೆ ಬಂದವರು ವಿಮಾನ ನಿಂತು ಮಾರ್ಚ್‌ನಿಂದ ಇಲ್ಲೇ ಉಳಿದಿದ್ದರು.

“ನಮ್ಮೂರ ಟೆಂಟಿನ್ಯಾಗ ಚಾಪಿ ಹಾಸಿ ಕೂಡ್ತಿದ್ವಿ ನೋಡು ತಮ್ಮಾ. ಅಲ್ಲೂ ಹಿಂಗ, ಕತ್ತಲಾಗೂ ತನಕ ಕಾಯಬೇಕಿತ್ತು,” ಅಂದರು.

“ಈಗ ಬ್ಯಾಟರಿಗೂ ಸ್ವಲ್ಪ ಕಾಯಬೇಕು ಅಜ್ಜಿ,” ಅಂದೆ.

“ಕಾಯೂಣು ಬಿಡಪ್ಪಾ. ಮನ್ಯಾಗ ಕೂತು ಕೂತು ಸಾಕಾಗೇತಿ,” ಅಂತ ಅವರು ಕಿಟಕಿಯ ಗಾಜು ಪೂರ್ತಿ ಇಳಿಸಿದರು. ನಾನು ನನ್ನ ಕಾರು ತಂದು ಎದುರಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ.